ದಾವಣಗೆರೆಯ ಮಾರಿಸ್ ಮೈನರ್: ಯಾವುದು ಕಂಪನಿಯದು, ಯಾವುದು ಆಮೇಲಿನದು

ಹಳೆ ಕಾರು ರೆಡಿ ಮಾಡಿಸಲು ಹೊರಟವರು ಮೊದಲು ಮಾಡುವ ಕೆಲಸ ಬಿಚ್ಚಿ ಎಸೆಯುವುದು. ತುಕ್ಕು ಹಿಡಿದ ಕನ್ನಡಿ, ಮಸುಕಾದ ಲೈಟು, ಬಿರುಕು ಬಿಟ್ಟ ಸ್ವಿಚ್ಚು ಎಲ್ಲ ಗೋಣಿಚೀಲ ಸೇರಿ ಗುಜರಿಗೆ ಹೋಗುತ್ತವೆ. ಆ ಜಾಗಕ್ಕೆ ಇಂಗ್ಲೆಂಡಿನಿಂದ ತರಿಸಿದ ಹೊಸ ಸಾಮಾನು ಬಂದು ಕೂರುತ್ತದೆ. ಕಾರೇನೋ ಹೊಳೆಯುತ್ತದೆ. ಆದರೆ ಇಷ್ಟು ವರ್ಷ ಅದು ಯಾವ ಊರಲ್ಲಿ ಓಡಿತು, ಯಾರು ಅದಕ್ಕೆ ಏನು ಹಾಕಿಸಿದರು ಅನ್ನುವ ಗುರುತು ಒಂದೂ ಉಳಿಯುವುದಿಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ದಾವಣಗೆರೆಯ ಪಿ.ಬಿ. ರಸ್ತೆ ಪಕ್ಕ ನಮ್ಮದು ಆಟೊ ಎಲೆಕ್ಟ್ರಿಕಲ್ ಅಂಗಡಿ. ಅಪ್ಪನ ಕಾಲದಿಂದಲೂ ಲಾರಿ, ಜೀಪು, ಅಂಬಾಸಡರ್, ಫಿಯೆಟ್‌ಗಳ ಕರೆಂಟ್ ಹುಟ್ಟಿಸುವ ಡೈನಮೊ, ಎಂಜಿನ್ ಶುರು ಮಾಡುವ ಸೆಲ್ಫ್ ಮೋಟರ್ ರಿಪೇರಿಯೇ ಕಸುಬು. ಹತ್ತಿ ದಲಾಲಿ ಮಾಡುತ್ತಿದ್ದ ಮನೆತನದ ಹುಡುಗನೊಬ್ಬ ಒಂದು ದಿನ ಬಂದು, "ಅಣ್ಣಾ, ನಮ್ಮ ಅಜ್ಜಾರ ಮಾರಿಸ್ ಮೈನರ್ ಐತಿ. ವಿಂಟೇಜ್ ಅಂತ ರಿಜಿಸ್ಟ್ರೇಷನ್ ಮಾಡಿಸ್ಬೇಕು. ಕ್ರೋಮ್ ಸಾಮಾನು, ಲೈಟು ಎಲ್ಲಾ ಒಂದೇ ಸಲ ಆರ್ಡರ್ ಹಾಕ್ತೀನಿ, ವೈರಿಂಗ್ ನೀವು ಮಾಡ್ಕೊಡ್ರಿ" ಅಂದ. ಮಾರಿಸ್ ಮೈನರ್ ಅಂದರೆ ಇಂಗ್ಲೆಂಡಿನ ಹಳೆ ಸಣ್ಣ ಕಾರು. ನಾನು ಒಂದೇ ಮಾತು ಹೇಳಿದೆ. ಪಟ್ಟಿ ಆಗುವವರೆಗೆ ಏನೂ ಆರ್ಡರ್ ಮಾಡಬೇಡ, ಒಂದು ಸ್ಕ್ರೂ ಕೂಡ ಎಸೆಯಬೇಡ.

ಪಟ್ಟಿಗೆ ಸರ್ಕಾರದ ಕಡೆಯಿಂದಲೂ ಒಂದು ಕಾರಣವಿತ್ತು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈಯಲ್ಲಿ ಹೊರಡಿಸಿದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ ವಾಹನ ವಿಂಟೇಜ್. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ, ಪ್ರಮಾಣಪತ್ರಕ್ಕೆ 10 ವರ್ಷದ ಅವಧಿ. ಈಗಾಗಲೇ ನೋಂದಣಿ ಇರುವ ಗಾಡಿ ತನ್ನ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಈ ಕಾರಿನದು 'ಎಂವೈ' ಎಂದು ಶುರುವಾಗುವ ಹಳೆ ಮೈಸೂರು ರಾಜ್ಯದ ನಂಬರು, ಅದನ್ನು ಕಳೆದುಕೊಳ್ಳುವುದು ಮನೆಯಲ್ಲಿ ಯಾರಿಗೂ ಇಷ್ಟವಿರಲಿಲ್ಲ. ಒಂದು ಲೈಟು, ಒಂದು ಕನ್ನಡಿ ಬದಲಾದ ಮಾತ್ರಕ್ಕೆ ಈ ನಿಯಮ ಕಾರನ್ನು ಹೊರಗಿಡುವುದಿಲ್ಲ. ಆದರೆ ಮೂಲ ರೂಪ ಅಂತ ಹೇಳಿಕೊಳ್ಳಬೇಕಾದರೆ ಮೂಲ ಯಾವುದು ಅಂತ ನಮಗೆ ಮೊದಲು ಗೊತ್ತಿರಬೇಕು.

ನಾನು ಪಟ್ಟಿಯನ್ನು ಮೂರು ಭಾಗ ಮಾಡಿದೆ. ಕಾರ್ಖಾನೆಯಿಂದ ಕಾರಿನ ಜೊತೆಗೇ ಬಂದದ್ದು ಮೊದಲನೆಯದು. ಕಾರು ಇನ್ನೂ ಹೊಸದಿದ್ದ ಕಾಲದಲ್ಲಿ ಮಾಲೀಕರು ಹಾಕಿಸಿಕೊಂಡದ್ದು ಎರಡನೆಯದು. ಆಮೇಲೆ ಕೆಟ್ಟದ್ದರ ಬದಲಿಗೆ ಬಂದದ್ದು, ಸಿಕ್ಕಿದ್ದನ್ನು ಹಾಕಿದ್ದು ಮೂರನೆಯದು. ಜನ ಸಾಮಾನ್ಯವಾಗಿ ಒರಿಜಿನಲ್, ಡೂಪ್ಲಿಕೇಟ್ ಎಂದು ಎರಡೇ ಮಾಡುತ್ತಾರೆ. ಆಗ ನಡುವಿನ ಗುಂಪು ಪೂರ್ತಿ ಡೂಪ್ಲಿಕೇಟ್ ಕಡೆಗೆ ಬಿದ್ದು ಗುಜರಿ ಸೇರುತ್ತದೆ. ಈ ಕಾರಿನ ಪಟ್ಟಿ ಮಾಡಿದ್ದರಲ್ಲಿ ನನ್ನ ಹೆಚ್ಚಿನ ಜಗಳ ನಡೆದದ್ದು ಆ ನಡುವಿನ ಗುಂಪಿಗಾಗಿಯೇ.

ಮೊದಲು ಬಾನೆಟ್ ಎತ್ತಿ ಬಲ್ಕ್‌ಹೆಡ್, ಅಂದರೆ ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆಯ ಮೇಲಿನ ತಗಡಿನ ಪ್ಲೇಟ್ ಒರೆಸಿದೆವು. ಸೀಮೆಎಣ್ಣೆ ಬಟ್ಟೆಯಲ್ಲಿ ಮೆಲ್ಲಗೆ. ಸ್ಯಾಂಡ್‌ಪೇಪರ್ ಮುಟ್ಟಿಸಿದರೆ ಅಕ್ಷರವೇ ಹೋಗುತ್ತದೆ. ಎಫ್ ಎ ಇ 2 1 ಎಂದು ಶುರುವಾಗುವ ನಂಬರು. 1952ರಿಂದ ಕೆಲವು ವರ್ಷ ಮೈನರ್ ತಯಾರಿಸುತ್ತಿದ್ದ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ (ಬಿಎಂಸಿ) ಕಾರುಗಳಲ್ಲಿ ಈ ಐದು ಗುರುತುಗಳಲ್ಲೇ ಕಾರಿನ ಜಾತಕ ಇರುತ್ತಿತ್ತು. ಎಫ್ ಅಂದರೆ ಮಾರಿಸ್ ಮೈನರ್, ಎ ಅಂದರೆ ನಾಲ್ಕು ಬಾಗಿಲು, ಇ ಅಂದರೆ ಹಸಿರು ಬಣ್ಣ, 2 ಅಂದರೆ ಬಲಗಡೆ ಸ್ಟಿಯರಿಂಗ್ ಇಟ್ಟು ಹೊರದೇಶಕ್ಕೆ ಕಳಿಸಿದ್ದು, ಕೊನೆಯ 1 ಪೇಂಟಿನ ಬಗೆ. ನಮ್ಮೆದುರು ನಿಂತಿದ್ದದ್ದು ಬಿಳಿ ಕಾರು. ಹುಡುಗನಿಗೆ ನಂಬಿಕೆ ಬರಲಿಲ್ಲ. ಡ್ಯಾಶ್‌ಬೋರ್ಡಿನ ಗ್ಲೋವ್‌ಬಾಕ್ಸಿನ ರಟ್ಟು ಸರಿಸಿ ಟಾರ್ಚ್ ಬಿಟ್ಟಾಗ ಒಳಗಿನ ತಗಡು ಕಡು ಹಸಿರು. ಡಿಕ್ಕಿಯ ಹಿಂಜ್ ಕೆಳಗೂ ಹಸಿರು.

ಎಂಜಿನ್ ನಂಬರಿನ ಮೊದಲ ಅಕ್ಷರಗಳು ಎಪಿಎಚ್‌ಎಂ. ಮೈನರ್‌ನ ಎರಡನೇ ಸರಣಿಗೆ ಹಾಕಿದ 803 ಸಿಸಿ ಎಂಜಿನ್ನಿನ ಗುರುತು ಅದು. 1956ರ ಕೊನೆಗೆ ಬಂದ ಮೈನರ್ 1000ಕ್ಕೆ 948 ಸಿಸಿ ಎಂಜಿನ್, ಅದರ ಗುರುತು ಎಪಿಜೆಎಂ. ಎಷ್ಟೋ ಮೈನರ್‌ಗಳಲ್ಲಿ ಹಳೆ ಎಂಜಿನ್ ತೆಗೆದು ದೊಡ್ಡದು ಕೂರಿಸಿರುತ್ತಾರೆ. ಇದರಲ್ಲಿ ಹಾಗಾಗಿರಲಿಲ್ಲ. ಮುಂದಿನ ಗಾಜು ನಡುವೆ ಪಟ್ಟಿ ಇಟ್ಟು ಎರಡು ತುಂಡಾಗಿರುವುದು, ಗ್ರಿಲ್ಲಿನ ಪಟ್ಟಿಗಳು ಅಡ್ಡಡ್ಡ ಇರುವುದು, ಸ್ಪೀಡೋಮೀಟರ್ ಡ್ಯಾಶ್‌ಬೋರ್ಡಿನ ನಡುವೆ ದುಂಡಗೆ ಇರುವುದು ಎಲ್ಲವೂ 1954ರ ಅಕ್ಟೋಬರ್ ನಂತರದ, 1956ರ ಕೊನೆಗೆ ಮುಂಚಿನ ಕಾರು ಎಂಬುದಕ್ಕೆ ತಾಳೆಯಾಯಿತು. ಮನೆಯಲ್ಲಿದ್ದ ಹಳೆ ಆರ್‌ಸಿ ಪುಸ್ತಕದಲ್ಲೂ 1955 ಎಂದೇ ಇತ್ತು. ಚಿಕ್ಕಮಗಳೂರು ಕಡೆಯ ಕಾಫಿ ಎಸ್ಟೇಟಿನ ಇಂಗ್ಲಿಷ್ ಮ್ಯಾನೇಜರ್ ಒಬ್ಬರಿಂದ 1961ರಲ್ಲಿ ಅಜ್ಜ ಕೊಂಡಿದ್ದರು.

ಆಮೇಲೆ ನನ್ನ ಕಸುಬಿನ ಭಾಗ, ಎಲೆಕ್ಟ್ರಿಕಲ್. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಡೈನಮೊ, ಸೆಲ್ಫ್, ಡೈನಮೊದ ಚಾರ್ಜನ್ನು ಹಿಡಿತದಲ್ಲಿಡುವ ಕಟ್‌ಔಟ್, ಕಾಯಿಲ್, ಹಾರ್ನ್, ವೈಪರ್ ಮೋಟರ್ ಬಹುಪಾಲು ಲೂಕಾಸ್ ಕಂಪನಿಯವು. ಲೂಕಾಸ್‌ನವರು ಮಾಡಿದ ಒಂದು ಉಪಕಾರವೆಂದರೆ ಬಹುಪಾಲು ಸಾಮಾನಿನ ಮೈಮೇಲೆ ಮಾಡೆಲ್ ನಂಬರಿನ ಜೊತೆ ತಯಾರಾದ ತಾರೀಖನ್ನೂ ಕುಟ್ಟಿಬಿಡುತ್ತಿದ್ದರು. '9 55' ಅಂತ ಇದ್ದರೆ 1955ರ ಸೆಪ್ಟೆಂಬರ್. ಕಾರು ತಯಾರಾದ ಕೆಲವು ತಿಂಗಳು ಮುಂಚಿನ ತಾರೀಖಿದ್ದರೆ ಅದು ಕಂಪನಿಯಿಂದಲೇ ಬಂದದ್ದು ಅಂತ ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಕಾರಿಗಿಂತ ಆಮೇಲಿನ ತಾರೀಖಿದ್ದರೆ ಮಾತೇ ಇಲ್ಲ, ಅದು ಬದಲಿ.

ಈ ಮುದ್ರೆ ಮುಂದಿನಿಂದ ಕಾಣುವುದಿಲ್ಲ. ಸಾಮಾನಿನ ಬೆನ್ನಿಗೆ, ಇಲ್ಲವೇ ಎಂಜಿನ್ನಿಗೆ ಅಂಟಿಕೊಂಡ ಕಡೆಗೆ ಇರುತ್ತದೆ. ಅರ್ಧ ಶತಮಾನದ ಗ್ರೀಸು, ಧೂಳು ಸೇರಿ ಮೆತ್ತಿಕೊಂಡಿರುತ್ತದೆ. ಅದನ್ನು ಕೆರೆಯಬಾರದು. ಡೀಸೆಲ್ ಹಚ್ಚಿ ಒಂದು ರಾತ್ರಿ ಬಿಟ್ಟು, ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಸೀಮೆಸುಣ್ಣದ ಪುಡಿ ಸವರಿ ಒರೆಸಿದರೆ ತಗ್ಗಿನಲ್ಲಿ ಬಿಳಿ ಉಳಿದು ಅಂಕಿ ಎದ್ದು ಕಾಣುತ್ತದೆ. ಟಾರ್ಚನ್ನು ಎದುರಿನಿಂದ ಹಿಡಿಯದೆ ಪಕ್ಕದಿಂದ ಹಿಡಿಯಬೇಕು. ಸೆಲ್ಫ್ ಮೋಟರಿನ ಮೇಲೆ ಹೀಗೆ '9 55' ಮೂಡಿ ಬಂದಾಗ ಹುಡುಗ ಮೊಬೈಲ್ ತೆಗೆದು ಫೋಟೊದ ಮೇಲೆ ಫೋಟೊ ಹೊಡೆದ. ಕಟ್‌ಔಟ್ ಪೆಟ್ಟಿಗೆಯ ತಳದಲ್ಲಿ ಆರ್‌ಬಿ106 ಎಂಬ ಮಾಡೆಲ್ ನಂಬರು, ಅದೂ 1955. ಡೈನಮೊ ಮಾತ್ರ ಬೇರೆ. ಅದರ ಮೇಲೆ ಲೂಕಾಸ್-ಟಿವಿಎಸ್ ಎಂದಿತ್ತು. ಮದ್ರಾಸಿನಲ್ಲಿ ಆ ಕಂಪನಿ ಶುರುವಾದದ್ದೇ 1961ರಲ್ಲಿ. ಹಾಗಾಗಿ ಅದು ಒಳ್ಳೆ ಸಾಮಾನೇ ಆದರೂ ಮೂರನೇ ಗುಂಪಿಗೆ ಹೋಯಿತು.

ಬ್ಯಾಟರಿಯ ಕಡೆ ಇನ್ನೊಂದು ವಿಷಯ ಸಿಕ್ಕಿತು. ಆ ಕಾಲದ ಮೈನರ್‌ಗಳು ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ಬಾಡಿಗೆ ಸೇರುತ್ತದೆ. ಈ ಕಾರಿನಲ್ಲಿ ಈಗ ಮೈನಸ್ ಬಾಡಿಗೆ ಸೇರಿತ್ತು. ಯಾವಾಗ ಬದಲಾಯಿತು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬದಲಾಗಿದೆ ಅನ್ನುವುದಕ್ಕೆ ಸಾಕ್ಷಿ ಮಾತ್ರ ಅರ್ತ್ ಪಟ್ಟಿಯ ಕ್ಲ್ಯಾಂಪಿನಲ್ಲಿತ್ತು. ಬ್ಯಾಟರಿಯ ಪ್ಲಸ್ ಕಂಬ ಮೈನಸ್ ಕಂಬಕ್ಕಿಂತ ಸ್ವಲ್ಪ ದಪ್ಪ. ಹಳೆ ಹೆಣಿಗೆಯ ತಾಮ್ರದ ಪಟ್ಟಿಯ ಕ್ಲ್ಯಾಂಪು ಆ ದಪ್ಪ ಕಂಬದ ಅಳತೆಯದು; ಅದನ್ನೇ ಸಣ್ಣ ಮೈನಸ್ ಕಂಬಕ್ಕೆ ಕೂರಿಸಲು ಒಳಗೆ ಸೀಸದ ತಗಡು ಸುತ್ತಿ ಬಿಗಿದಿದ್ದರು. ಕಾಯಿಲ್ ಕೂಡ ಹಳೆಯದೇ, ಟರ್ಮಿನಲ್ ಮೇಲೆ ಪ್ಲಸ್ ಮೈನಸ್ ಬದಲು ಎಸ್‌ಡಬ್ಲ್ಯೂ, ಸಿಬಿ ಎಂದಿದೆ. ಅದರ ವೈರುಗಳನ್ನು ಅದಲು ಬದಲು ಮಾಡಿದ್ದಾರೆ. ಡ್ಯಾಶ್‌ಬೋರ್ಡಿನ ಕೆಳಗೆ ಕ್ಯಾಸೆಟ್ ಪ್ಲೇಯರಿನ ಖಾಲಿ ಚೌಕಟ್ಟು ನೇತಾಡುತ್ತಿತ್ತು. ಅಂಥ ಪ್ಲೇಯರಿಗೆ ಮೈನಸ್ ಬಾಡಿಗೆ ಸೇರಿರಬೇಕು; ಅದನ್ನು ಹಾಕಲಿಕ್ಕೆಂದೇ ಅರ್ತ್ ತಿರುಗಿಸಿದ್ದಾರೆ ಅನ್ನುವುದು ನನ್ನ ತೀರ್ಮಾನ. ಚೌಕಟ್ಟು ಮೂರನೇ ಗುಂಪು, ತಾಮ್ರದ ಪಟ್ಟಿ ಮೊದಲನೇ ಗುಂಪು.

ವೈರಿಂಗಿನಲ್ಲಿ ಬಣ್ಣ ನೋಡಬೇಕು. ಲೂಕಾಸ್ ಕ್ರಮದಲ್ಲಿ ಬ್ಯಾಟರಿಯಿಂದ ಬರುವುದು ಕಂದು, ಇಗ್ನಿಷನ್ನಿನದು ಬಿಳಿ, ಫ್ಯೂಸ್ ದಾಟಿದ ಮೇಲೆ ಹಸಿರು, ಹೆಡ್‌ಲೈಟಿಗೆ ನೀಲಿ, ಸೈಡ್ ಲೈಟಿಗೆ ಕೆಂಪು, ಅರ್ತ್‌ಗೆ ಕಪ್ಪು. ಬಟ್ಟೆ ಹೊದಿಕೆಯ ವೈರು, ತುದಿಯಲ್ಲಿ ಗುಂಡಿನಂತಹ ಕನೆಕ್ಟರು. ಡ್ಯಾಶ್‌ಬೋರ್ಡಿನ ಹಿಂದೆ ಅದೆಲ್ಲ ಹಾಗೇ ಇತ್ತು. ಎಂಜಿನ್ ಕಡೆಗೆ ಮಾತ್ರ ಎಲ್ಲವೂ ಒಂದೇ ಕೆಂಪು ಪ್ಲಾಸ್ಟಿಕ್ ವೈರು. ಫಾಗ್ ಲೈಟಿಗೆ ಹೋದ ವೈರು ಇವೆರಡಕ್ಕೂ ಸೇರದ್ದು: ಬಟ್ಟೆ ಹೊದಿಕೆಯದೇ, ಆದರೆ ಕಂಪನಿಯ ಕಟ್ಟಿನ ಹೊರಗೆ ಪ್ರತ್ಯೇಕವಾಗಿ ಎಳೆದು, ಹತ್ತಿ ನೂಲಿನಿಂದ ಗೇಣಿಗೊಂದರಂತೆ ಗಂಟು ಹಾಕಿ ಕಟ್ಟಿದ್ದು. ಇದರ ಮೇಲೆ ಒಂದು ಗುರುತು ಹಾಕಿಟ್ಟೆ.

ತೂತುಗಳ ವಿಚಾರ ಹೇಳಲೇಬೇಕು, ಯಾಕೆಂದರೆ ಪಟ್ಟಿಯಲ್ಲಿ ಅತಿ ಹೆಚ್ಚು ಸಂಶಯ ಬಗೆಹರಿದದ್ದು ಅವುಗಳಿಂದಲೇ. ಕಾರಿಗೆ ಮೂರು ಸಲ ಬಣ್ಣ ಆಗಿತ್ತು: ಕಂಪನಿಯ ಹಸಿರು, ಮೇಲೆ ಕೆನೆ ಬಣ್ಣ, ಅದರ ಮೇಲೆ ಈಗಿನ ಬಿಳಿ. ಕೆನೆ ಬಣ್ಣ ಹೊಡೆಸಿದ್ದು ಮಗಳ ಮದುವೆಯ ವರ್ಷ, 1972ರಲ್ಲಿ ಅಂತ ಮನೆಯ ಅಜ್ಜಿಗೆ ಖಚಿತವಾಗಿ ನೆನಪಿತ್ತು. ಹಾಗಿದ್ದ ಮೇಲೆ ಯಾವುದೇ ಸಾಮಾನು ಬಿಚ್ಚಿ, ಅದರ ಸ್ಕ್ರೂ ಹೋಗುವ ತೂತಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಾಲ ತಿಳಿಯುತ್ತದೆ. ಅಂಚಿನ ಒಳಗೂ ಹಸಿರು ಇಳಿದಿದ್ದರೆ ಬಣ್ಣಕ್ಕೆ ಮುಂಚೆ ಕಾರ್ಖಾನೆಯಲ್ಲೇ ಹೊಡೆದ ತೂತು. ಹಸಿರು ಕತ್ತರಿಸಿಕೊಂಡು, ಅಂಚಿನಲ್ಲಿ ಬರಿಯ ತಗಡಿನ ಮೇಲೆ ಕೆನೆ ಬಣ್ಣ ಇಳಿದಿದ್ದರೆ 1972ಕ್ಕೆ ಮುಂಚೆ ಯಾರೋ ಡ್ರಿಲ್ ಮಾಡಿದ್ದು. ಮೂರೂ ಪದರ ಕತ್ತರಿಸಿ ತುಕ್ಕು ಹಿಡಿದಿದ್ದರೆ ತೀರ ಇತ್ತೀಚಿನದು.

ಬಲಗಡೆ ಮಡ್‌ಗಾರ್ಡ್ ಮೇಲಿನ ಕನ್ನಡಿಯ ತೂತಿನಲ್ಲಿ ಬರಿ ತಗಡಿನ ಮೇಲೆ ಕೆನೆ. ಎಡಗಡೆ ಕನ್ನಡಿಯ ತೂತು ಕೆನೆಯನ್ನೂ ಕತ್ತರಿಸಿಕೊಂಡು ಹೋಗಿದೆ. ರೇಡಿಯೊ ಏರಿಯಲ್ಲಿನ ತೂತು ಮೂರೂ ಬಣ್ಣ ಸೀಳಿದ್ದು. ನೋಡಲು ಎರಡೂ ಕನ್ನಡಿ ಒಂದೇ ತರಹ, ಎರಡನ್ನೂ ಒಟ್ಟಿಗೆ ಹಾಕಿಸಿದ್ದಾರೆಂದು ಯಾರಾದರೂ ನಂಬುತ್ತಾರೆ. ಅಂದಹಾಗೆ, ಈ ಮಾಡೆಲ್ಲಿಗೆ ಹೊರಗಿನ ಕನ್ನಡಿ ಕಂಪನಿಯ ಮಾಮೂಲಿ ಸಾಮಾನಲ್ಲ. ಬೇಕಾದವರು ಹಣ ಕೊಟ್ಟು ಹಾಕಿಸಿಕೊಳ್ಳುತ್ತಿದ್ದರು. ಹೀಟರ್ ಕೂಡ ಹಾಗೆಯೇ. ಇದರಲ್ಲಿ ಹೀಟರ್ ಇಲ್ಲ, ಅದಕ್ಕಾಗಿ ಯಾರೂ ತೂತು ಹೊಡೆದ ಗುರುತೂ ಇಲ್ಲ.

ಮುಂದಿನ, ಹಿಂದಿನ ಬಾಗಿಲುಗಳ ನಡುವಿನ ಕಂಬದ ಕಥೆ ಬೇರೆ. 1955ರ ಮೈನರ್‌ನಲ್ಲಿ ಮಿಣುಕುವ ಇಂಡಿಕೇಟರ್ ಇರಲಿಲ್ಲ. ತಿರುಗುವ ಕಡೆಯ ಬಾಗಿಲಿನ ಕಂಬದಿಂದ ಒಂದು ಕೈ ಹೊರಗೆ ಚಾಚಿ ಹಳದಿ ದೀಪ ಉರಿಯುತ್ತಿತ್ತು. ಟ್ರಾಫಿಕೇಟರ್ ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಮೈನರ್‌ಗೆ 1961ರವರೆಗೂ ಇದೇ ಬರುತ್ತಿತ್ತು. ನಮ್ಮ ಕಾರಿನಲ್ಲಿ ಆ ಜಾಗ ನುಣ್ಣಗೆ ಬಿಳಿ. ನಾನು ಅಂಗಡಿಯ ಸ್ಪೀಕರ್ ಮ್ಯಾಗ್ನೆಟ್ಟಿಗೆ ತೆಳು ಬಟ್ಟೆ ಸುತ್ತಿ ಕಂಬದ ಉದ್ದಕ್ಕೂ ಎಳೆದೆ. ಮೇಲೆ ಹಿಡಿಯಿತು, ಕೆಳಗೆ ಹಿಡಿಯಿತು, ನಡುವೆ ಒಂದು ಗೇಣು ಜಾಗದಲ್ಲಿ ಜಾರಿ ಬಿತ್ತು. ಪುಟ್ಟಿ! ಇನ್ನೊಂದು ಕಂಬದಲ್ಲೂ ಅದೇ.

ಟಿಂಕರಿಂಗ್ ಕೆಲಸದವರನ್ನು ಕರೆಸಿ, ಹೊರಗಿನಿಂದ ಉಳಿ ಹಾಕದೆ, ಒಳಗಿನ ಟ್ರಿಮ್ ಬಿಚ್ಚಿಸಿದೆ. ಹಸಿರಿಗೆ ಬಿಳಿ ಗೆರೆಯ ಬಟ್ಟೆ ವೈರು ಕಂಬದೊಳಗೆ ಇಳಿದದ್ದು ಕಂಡಿತು. ಪುಟ್ಟಿಯನ್ನು ಬಿಸಿ ಗಾಳಿಯಿಂದ ಮೆತ್ತಗೆ ಮಾಡಿ ತೆಗೆದಾಗ ಬಲಗಡೆ ಕಂಬದಲ್ಲಿ ಟ್ರಾಫಿಕೇಟರ್ ಇಡಿಯಾಗಿ ಕೂತಿತ್ತು, ಲೂಕಾಸ್ ಎಸ್‌ಎಫ್80. ಕೈಯ ಅಂಬರ್ ಹೊದಿಕೆ ಒಡೆದಿರಲಿಲ್ಲ. ಎಡಗಡೆಯದರಲ್ಲಿ ಕೈ ಮುರಿದಿತ್ತು, ಆದರೆ ಕಾಯಿಲ್ ಸರಿ ಇತ್ತು. ಬಲಗಡೆಯದಕ್ಕೆ ಒಂದು ಹನಿ ಹೊಲಿಗೆಯಂತ್ರದ ಎಣ್ಣೆ ಬಿಟ್ಟು ಬ್ಯಾಟರಿ ಮುಟ್ಟಿಸಿದೆ. ಟಕ್ ಅಂತ ಕೈ ಎದ್ದು ನಿಂತಿತು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಜ್ಜಿ, "ಅಯ್ಯೋ ತಮ್ಮಾ, ಇದಿನ್ನೂ ಬದುಕೈತಲ್ಲೋ! ನಮ್ಮ ಹುಡುಗ್ರು ಇದನ್ನ ನೋಡಾಕಂತಾನೇ ಗಾಡಿ ಹಿಂದೆ ಓಡ್ತಿದ್ರು" ಅಂದರು.

ಈಗಿನ ರಸ್ತೆಯಲ್ಲಿ ಅದೊಂದನ್ನೇ ನಂಬಿ ಹೋಗುವುದು ಅಪಾಯ. ಹಿಂದಿನ ಲಾರಿಯವನಿಗೆ ಅದೇನೆಂದೇ ಗೊತ್ತಿರುವುದಿಲ್ಲ. ಹಾಗಾಗಿ ಆಮೇಲೆ ಬಂದ ಮಿಣುಕುವ ಇಂಡಿಕೇಟರನ್ನೂ ಉಳಿಸಿದ್ದೇವೆ. ಪಟ್ಟಿಯಲ್ಲಿ ಅದು ಮೂರನೇ ಗುಂಪಿನಲ್ಲಿದೆ, ಕಾರಣ ಬರೆದಿದೆ.

ಗಾಜು ಓದುವುದನ್ನು ನಾನು ಕಲಿತದ್ದು ಈ ಕಾರಿನ ನೆಪದಲ್ಲೇ. ಟ್ರಿಪ್ಲೆಕ್ಸ್ ಗಾಜಿನ ಮೂಲೆಯಲ್ಲಿ ಕಂಪನಿಯ ಹೆಸರು, ಅದರ ಕೆಳಗೆ ಟಫನ್ಡ್ (TOUGHENED, ಗಟ್ಟಿಗೊಳಿಸಿದ) ಎಂಬ ಇಂಗ್ಲಿಷ್ ಪದ ಇರುತ್ತದೆ. ಆ ಪದಕ್ಕೆ ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರ. ಎಷ್ಟನೇ ಅಕ್ಷರಕ್ಕೆ ಸಣ್ಣ ಚುಕ್ಕೆ ಇದೆಯೋ ಅದು ವರ್ಷದ ಕೊನೆಯ ಅಂಕಿ. ಚುಕ್ಕೆ ಇಲ್ಲದಿದ್ದರೆ ಸೊನ್ನೆ. ದಶಕ ಯಾವುದೆಂದು ಕಾರು ನೋಡಿ ನಾವೇ ತಿಳಿಯಬೇಕು. ಬಾಗಿಲಿನ ಗಾಜುಗಳಲ್ಲಿ ಐದನೇ ಅಕ್ಷರಕ್ಕೆ ಚುಕ್ಕೆ. ಡ್ರೈವರ್ ಪಕ್ಕದ ಗಾಜಿಗೆ ಮುದ್ರೆಯೇ ಇಲ್ಲ, ಅಂಚನ್ನು ಕೈಯಲ್ಲಿ ಉಜ್ಜಿದ್ದಾರೆ. ಅದು ಬರಿ ಕಿಟಕಿ ಗಾಜು, ಒಡೆದರೆ ಕತ್ತಿಯಂತೆ ಸೀಳುತ್ತದೆ. ಮೂಲವಲ್ಲ ಎನ್ನುವುದಕ್ಕಿಂತ ಅಪಾಯ ಎನ್ನುವ ಕಾರಣಕ್ಕೆ ಅದನ್ನು ಮೊದಲು ಬದಲಿಸಬೇಕೆಂದು ಬರೆದೆ.

ಬೋಲ್ಟು, ಸ್ಕ್ರೂಗಳಿಗೆ ಹರಿಹರದ ಹಿರಿಯರೊಬ್ಬರ ನೆರವು ಸಿಕ್ಕಿತು. ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಮೇಲೆ ಜೀವ ಸವೆಸಿದವರು, ಬೆರಳಲ್ಲಿ ತಿರುಗಿಸಿಯೇ ಥ್ರೆಡ್ ಹೇಳುತ್ತಾರೆ. ಅವರು ಸುಮ್ಮನೆ ಒಂದು ಬಟ್ಟಲಿಗೆ ಆರಿಸಿ ಹಾಕುತ್ತಾ ಹೋದರು. ತಲೆಯ ಮೇಲೆ ಒಂದಕ್ಕೊಂದು ತಾಗಿದ ಮೂರು ಸಣ್ಣ ವೃತ್ತ ಇದ್ದರೆ ಇಂಚಿನ ಯುಎನ್‌ಎಫ್ ಥ್ರೆಡ್ಡು, ಆ ಕಾಲದ್ದು. ತಲೆಯ ಮೇಲೆ 8.8 ಅಂತಿದ್ದರೆ ಮಿಲಿಮೀಟರ್ ಬೋಲ್ಟು, ಅದು ಈ ಕಾರಿಗೆ ಕಾರ್ಖಾನೆಯಲ್ಲಿ ಬಂದಿರಲು ಸಾಧ್ಯವೇ ಇಲ್ಲ. ಪೊಜಿಡ್ರಿವ್ ಅನ್ನುವ, ಪ್ಲಸ್ ಗುರುತಿನ ನಡುವೆ ಇನ್ನೊಂದು ಸಣ್ಣ ನಕ್ಷತ್ರ ಇರುವ ಸ್ಕ್ರೂಗಳು ಬಂದದ್ದೇ 1960ರ ದಶಕದಲ್ಲಿ. ಅಂಥ ಸ್ಕ್ರೂ ಹಿಡಿದಿರುವ ಸಾಮಾನನ್ನು ಒಮ್ಮೆಯಾದರೂ ಯಾರೋ ಬಿಚ್ಚಿದ್ದಾರೆ. ಬಿಚ್ಚಿದ್ದಾರೆ ಅಂದ ಮಾತ್ರಕ್ಕೆ ಸಾಮಾನು ಬದಲಾಗಿದೆ ಅಂತಲ್ಲ; ಇನ್ನೊಂದು ಸಾಕ್ಷಿ ಹುಡುಕು ಅಂತ ಅರ್ಥ. "ಬೋಲ್ಟ್ ಹೊಸದಿದ್ರೆ ಗಾಬರಿ ಬೀಳಬ್ಯಾಡ್ರಿ, ತೂತಿನ ಥ್ರೆಡ್ ನೋಡ್ರಿ. ಹಳೇ ತೂತಿಗೆ ಹೊಸಾ ಟ್ಯಾಪ್ ಹೊಡ್ದಿದ್ರೆ ಆಗ ಚಿಂತಿ ಮಾಡ್ರಿ" ಅಂದರು ಅವರು.

ಹ್ಯಾಂಡಲ್, ಹಬ್‌ಕ್ಯಾಪ್, ಬ್ಯಾಡ್ಜುಗಳದು ಬೇಗ ಮುಗಿಯಿತು. ಹಬ್‌ಕ್ಯಾಪಿನ ನಡುವೆ ಎಂ ಅಕ್ಷರ, ನಾಲ್ಕೂ ಸರಿ. ಬಾನೆಟ್ ಮೇಲಿನ ಬ್ಯಾಡ್ಜಿನಲ್ಲಿ ಹೊಳೆ ದಾಟುವ ಎತ್ತು, ಆಕ್ಸ್‌ಫರ್ಡ್ ಊರಿನ ಲಾಂಛನ. ಹಳೆಯದಾದರೆ ಬಣ್ಣವೆಲ್ಲ ಗಾಜಿನ ಎನಾಮಲ್, ಚಕ್ಕೆ ಎದ್ದ ಕಡೆ ಅಂಚು ಗಾಜಿನ ಹಾಗೆ ಚೂಪಾಗಿ ಹೊಳೆಯುತ್ತದೆ. ಇದು ಅದೇ. ಹಿಂದಿನ ಎಡ ಬಾಗಿಲಿನ ಹ್ಯಾಂಡಲ್ ಮಾತ್ರ ಮ್ಯಾಗ್ನೆಟ್ಟಿಗೆ ಅಂಟಿತು. ಉಳಿದ ಮೂರೂ ಅಂಟದ ಎರಕದವು, ಗುಳ್ಳೆ ಗುಳ್ಳೆಯಾಗಿ ಕ್ರೋಮ್ ಎದ್ದಿದ್ದರೂ ಮೂಲದವು. ಹೊಳೆಯುತ್ತಿದ್ದ ಒಂದೇ ಹ್ಯಾಂಡಲ್ ಬದಲಿಯದು.

ಸ್ಪೀಡೋಮೀಟರ್ ಪರೀಕ್ಷೆ ಮಾಡಿದ್ದನ್ನು ವಿವರವಾಗಿ ಹೇಳುತ್ತೇನೆ, ಇದನ್ನು ಯಾರು ಬೇಕಾದರೂ ಮಾಡಬಹುದು. ಸ್ಮಿತ್ಸ್ ಕಂಪನಿಯ ಮೀಟರಿನ ಡಯಲ್ಲಿನ ತಳದಲ್ಲಿ ಸಣ್ಣ ಅಕ್ಷರದ ನಂಬರಿನ ಪಕ್ಕ ಇನ್ನೊಂದು ಸಂಖ್ಯೆ ಇರುತ್ತದೆ. ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ ಅದು. ಬೇರೆ ಕಾರಿನ ಮೀಟರ್ ಹಾಕಿದ್ದರೆ ಈ ಸಂಖ್ಯೆ ಹೊಂದುವುದಿಲ್ಲ. ಭಾನುವಾರ ಎಪಿಎಂಸಿ ಯಾರ್ಡ್ ಖಾಲಿ ಇದ್ದಾಗ ಸಮತಟ್ಟಾದ ಜಾಗದಲ್ಲಿ 16 ಮೀಟರ್ 9 ಸೆಂಟಿಮೀಟರ್ ಅಳೆದು ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದೆವು. ಅದು ಒಂದು ಮೈಲಿಯ ನೂರನೇ ಒಂದು ಪಾಲು. ಮೀಟರಿನ ಹಿಂದಿನ ಕೇಬಲ್ ಬಿಚ್ಚಿ, ಒಳಗಿನ ತಂತಿಯ ತುದಿಗೆ ಒಂದು ಕಾಗದದ ಚೂರು ಬಾವುಟದ ಹಾಗೆ ಅಂಟಿಸಿ, ಗೇರ್ ನ್ಯೂಟ್ರಲ್ ಮಾಡಿ ಕಾರನ್ನು ನಿಧಾನ ತಳ್ಳಿದೆವು. ನಾನು ಒಳಗೆ ಕೂತು ಸುತ್ತು ಎಣಿಸಿದೆ. ಎಣಿಸಿದ್ದನ್ನು ನೂರರಿಂದ ಗುಣಿಸಿದರೆ ಡಯಲ್ಲಿನ ಸಂಖ್ಯೆಗೆ ಹತ್ತಿರ ಬರಬೇಕು. 15 ಸುತ್ತು ಆದರೆ 1500. ಟಯರ್ ಅಳತೆ ಬೇರೆಯಿದ್ದರೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಈ ಕಾರಿಗೆ ಬರಬೇಕಾದದ್ದು 5.00-14, ಈಗಿರುವುದು ರೇಡಿಯಲ್. ಅಷ್ಟು ವ್ಯತ್ಯಾಸ ಬಿಟ್ಟರೆ ನಮ್ಮ ಲೆಕ್ಕ ತಾಳೆಯಾಯಿತು. ಮೈಲಿ ಲೆಕ್ಕದ ಆ ಮೀಟರ್ ಕಾರಿನದೇ.

ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಎಸ್‌ಯು ಕಂಪನಿಯ ಕಾರ್ಬ್ಯುರೇಟರಿನಲ್ಲಿ, ಪೆಟ್ರೋಲು ನಿಲ್ಲುವ ಫ್ಲೋಟ್ ಡಬ್ಬಿಯ ಮುಚ್ಚಳದ ನಟ್ಟಿನ ಕೆಳಗೆ ಒಂದು ಪುಟ್ಟ ಅಲ್ಯೂಮಿನಿಯಂ ಬಿಲ್ಲೆ ಇರುತ್ತದೆ. ಅದರ ಮೇಲಿನ ನಂಬರೇ ಅದು ಯಾವ ಕಾರಿನದು ಎಂಬುದಕ್ಕೆ ಆಧಾರ. ಮೆಕ್ಯಾನಿಕ್‌ಗಳು ಸರ್ವಿಸ್ ಮಾಡುವಾಗ ವಾಷರ್ ಅಂದುಕೊಂಡು ಎಸೆದುಬಿಡುತ್ತಾರೆ. ಇದರಲ್ಲಿ ಉಳಿದಿತ್ತು. ದಯವಿಟ್ಟು ಆ ಬಿಲ್ಲೆಯನ್ನು ಕಾಪಾಡಿ.

ಇನ್ನು ಫಾಗ್ ಲೈಟು. ಮುಂದಿನ ಬಂಪರಿನ ಎಡಗಡೆ ಒಂದೇ ಒಂದು ಲೈಟು, ಲೂಕಾಸ್ ಎಸ್‌ಎಫ್‌ಟಿ 576. ಜೊತೆಗೆ ಮೇಲೆ ಕಮ್ಮಾರನ ಕೆಲಸದ ಕ್ಯಾರಿಯರ್, ಮುಂದಿನ ಗಾಜಿನ ಮೇಲೆ ತಗಡಿನ ಸನ್‌ಶೇಡ್. ಹುಡುಗ ಈ ಮೂರನ್ನೂ ತೆಗೆಯಬೇಕೆಂದು ಹಟ ಹಿಡಿದ. ಬಿಎಂಸಿಯ ಪಾರ್ಟ್ಸ್ ಪುಸ್ತಕದ ಪ್ರತಿ ತಂದು ತೋರಿಸಿ, "ಅಣ್ಣಾ, ಇದ್ರಾಗ ಎಲ್ಲೂ ಇಲ್ಲ, ಕಂಪನೀದಲ್ಲ" ಅಂದ. ಪಾರ್ಟ್ಸ್ ಪುಸ್ತಕ ಬೇಕು, ನಿಜ. ಆದರೆ ಅದು ಬಿಡಿಭಾಗ ಮಾರಲು ಮಾಡಿದ ಪುಸ್ತಕ. ಆಮೇಲಿನ ಮುದ್ರಣಗಳಲ್ಲಿ ಹಳೆ ನಂಬರು ತೆಗೆದು ಬದಲಿ ನಂಬರು ಹಾಕಿರುತ್ತಾರೆ. ಮಾಲೀಕ ಅಂಗಡಿಯಲ್ಲಿ ಏನು ಕೊಂಡು ಹಾಕಿಸಿಕೊಂಡ ಅನ್ನುವುದು ಅದರಲ್ಲಿ ಬರುವುದೇ ಇಲ್ಲ.

ನಾನು ಅಜ್ಜಿಯ ಹತ್ತಿರ ಹಳೆ ಆಲ್ಬಂ ಕೇಳಿದೆ. ಕಪ್ಪು ರಟ್ಟಿನ ಆಲ್ಬಂ, ನಡುವೆ ಬೆಣ್ಣೆ ಕಾಗದ. ಒಂದು ಚಿತ್ರದಲ್ಲಿ ಚಿತ್ರದುರ್ಗದ ಕೋಟೆಯ ಕೆಳಗೆ ಕಾರು ನಿಂತಿದೆ, ಬಾನೆಟ್ ಮೇಲೆ ಇಬ್ಬರು ಮಕ್ಕಳು ಕೂತಿದ್ದಾರೆ. ಹಿಂದೆ ಸ್ಟುಡಿಯೊದ ರಬ್ಬರ್ ಮುದ್ರೆ, 1964. ಭೂತಗನ್ನಡಿ ಇಟ್ಟು ನೋಡಿದೆವು. ಬಂಪರಿನ ಎಡಗಡೆ ಅದೇ ಫಾಗ್ ಲೈಟು. ಬಲಗಡೆ ಮಡ್‌ಗಾರ್ಡ್ ಮೇಲೆ ಕನ್ನಡಿ, ಎಡಗಡೆ ಇಲ್ಲ. ತೂತುಗಳು ಹೇಳಿದ್ದೂ ಅದನ್ನೇ. ಬಾಗಿಲ ಕಂಬದಲ್ಲಿ ಟ್ರಾಫಿಕೇಟರಿನ ಸೀಳು. ಮೇಲೆ ಕ್ಯಾರಿಯರ್, ಅದಕ್ಕೆ ಹಗ್ಗದಲ್ಲಿ ಕಟ್ಟಿದ ಗಂಟು. ಸನ್‌ಶೇಡ್ ಇಲ್ಲ.

"ಆ ಹಳದಿ ದೀಪ ನಮ್ಮೋರು ಹಾಕ್ಸಿದ್ದಲ್ಲ ತಮ್ಮಾ" ಅಂದರು ಅಜ್ಜಿ. "ದೊರೆ ಕಡೆಯಿಂದ್ಲೇ ಬಂದಿತ್ತು. ಅಲ್ಲಿ ಮಂಜು ಬೀಳ್ತದಲ್ಲ, ಅದಕ್ಕ. ಮ್ಯಾಗಿಂದು ಮಾತ್ರ ನಮ್ಮೋರು ಮಾಡಿಸಿದ್ದು, ಹತ್ತಿ ಸ್ಯಾಂಪಲ್ ಗಂಟು ಹಾಕ್ಕೊಂಡು ಹೋಗಾಕ. ಚಳ್ಳಕೆರೆ, ರಾಣೆಬೆನ್ನೂರು ಎಲ್ಲಾ ಕಡೆ ಸುತ್ತೀವಿ ಇದ್ರಾಗ."

ಹತ್ತಿ ನೂಲಿನ ಗಂಟು ಹಾಕಿದ ಆ ವೈರು ನೆನಪಿಗೆ ಬಂತು. ಲೈಟು ಕಾಫಿ ಸೀಮೆಯಿಂದಲೇ ಬಂದಿದ್ದರೆ ದಾವಣಗೆರೆಯ ನೂಲು ಅದಕ್ಕೆ ಸುತ್ತಿದ್ದು ಹೇಗೆ? ಬಿಚ್ಚಿ ನೋಡಿದರೆ ಲೈಟಿನ ಹತ್ತಿರದ ಒಂದಡಿ ವೈರು ಬೇರೆ, ಉಳಿದದ್ದು ಬೇರೆ. ನಡುವೆ ಬೆಸುಗೆ ಹಾಕಿ ಬಟ್ಟೆ ಟೇಪು ಸುತ್ತಿದ್ದಾರೆ. ಅಂದರೆ ಲೈಟು ಮೊದಲ ಮಾಲೀಕರದು, ವೈರು ಇಲ್ಲಿನವರು ಮತ್ತೆ ಎಳೆದದ್ದು. ಬ್ರ್ಯಾಕೆಟ್ ಬಿಚ್ಚಿದಾಗ ಅದರ ಅಡಿ ಹಸಿರು ಪೇಂಟು ಹೊಸದರಂತೆ ಉಳಿದಿತ್ತು, ಕೆನೆ ಬಣ್ಣ ಒಂದು ಚೂರೂ ಒಳಗೆ ಹೋಗಿರಲಿಲ್ಲ. ಆ ಹಸಿರಿನ ತುಣುಕೇ ಈಗ ಬಣ್ಣ ಮಿಕ್ಸ್ ಮಾಡಿಸಲು ನಮ್ಮ ಮಾದರಿ.

ಮಂಜಿನ ಸೀಮೆಯ ಲೈಟು, ಹತ್ತಿ ಗಂಟಿನ ಕ್ಯಾರಿಯರ್ ಎರಡನ್ನೂ ಕಾರಿನಿಂದ ತೆಗೆದರೆ ಉಳಿಯುವುದು ಎಲ್ಲಿ ಬೇಕಾದರೂ ಸಿಗುವ ಒಂದು ಮೈನರ್. ಇದು ನನ್ನ ಗಟ್ಟಿ ಅಭಿಪ್ರಾಯ, ಹುಡುಗನಿಗೂ ಹಾಗೇ ಹೇಳಿದೆ. ಅವನು ಆ ಫೋಟೊವನ್ನು ತುಂಬ ಹೊತ್ತು ನೋಡಿ, ಬಾನೆಟ್ ಮೇಲೆ ಕೂತ ಮಕ್ಕಳಲ್ಲಿ ಒಬ್ಬರು ತನ್ನ ಅಪ್ಪ ಅಂತ ಗುರುತು ಹಿಡಿದ ಮೇಲೆ ವಾದ ನಿಲ್ಲಿಸಿದ. ಸನ್‌ಶೇಡ್ ಬಿಚ್ಚಿದ್ದೇವೆ. ಅದಕ್ಕೂ ಚೀಟಿ ಕಟ್ಟಿ, ಎಲ್ಲಿಂದ ತೆಗೆದದ್ದು, ಎಂದು ತೆಗೆದದ್ದು ಬರೆದು ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ.

ಪಟ್ಟಿ ಈಗ ಒಂದು ನೋಟ್‌ಬುಕ್ಕಿನಷ್ಟಾಗಿದೆ. ಪ್ರತಿ ಸಾಮಾನಿಗೆ ಒಂದು ಸಾಲು: ಯಾವ ಗುಂಪು, ಯಾವ ಸಾಕ್ಷಿ, ಎಷ್ಟು ಖಚಿತ, ಫೋಟೊ ಎಲ್ಲಿದೆ. ಸಾಕ್ಷಿ ಒಂದೇ ಇದ್ದರೆ ಪೆನ್ಸಿಲಿನಲ್ಲಿ, ಎರಡು ಅಥವಾ ಹೆಚ್ಚಿದ್ದರೆ ಪೆನ್ನಿನಲ್ಲಿ ಬರೆದಿದ್ದೇನೆ. ಇಂಗ್ಲೆಂಡಿನಿಂದ ತರಿಸಬೇಕೆಂದಿದ್ದ ಕ್ರೋಮ್ ಸಾಮಾನಿನ ಪೂರ್ತಿ ಆರ್ಡರು ಕುಗ್ಗಿ, ಬಾಗಿಲಿನ ರಬ್ಬರು, ಎಡಗಡೆ ಟ್ರಾಫಿಕೇಟರಿನ ಕೈ, ಒಂದು ಹ್ಯಾಂಡಲ್, ಇಷ್ಟಕ್ಕೆ ಬಂದಿದೆ. ಅರ್ಜಿಯನ್ನು ಪರಿವಾಹನ್ ಪೋರ್ಟಲ್ಲಿನಲ್ಲಿ ಹಾಕುವ ಮುಂಚೆ ಅರ್ತ್ ಮತ್ತೆ ಪಾಸಿಟಿವ್ ಮಾಡಬೇಕು, ಅದಕ್ಕೆ ತಾಮ್ರದ ಪಟ್ಟಿಯ ಕ್ಲ್ಯಾಂಪಿನಿಂದ ಸೀಸದ ತಗಡು ತೆಗೆದಿಟ್ಟಿದ್ದೇನೆ.

ಸಿಗದೆ ಉಳಿದದ್ದು ಡೈನಮೊ. ಬೇಕಾದದ್ದು ಲೂಕಾಸ್ ಸಿ39ಪಿವಿ-2, ಮೈಮೇಲೆ 1955ರ ತಾರೀಖು. ನಮ್ಮ ಕಡೆಯ ಹಳೆ ಗ್ಯಾರೇಜುಗಳ ಅಟ್ಟದ ಮೇಲೆ, ಗುಜರಿಯವರ ತಾಮ್ರದ ರಾಶಿಯಲ್ಲಿ ಇಂಥವು ಇನ್ನೂ ಇವೆ. ಕಂಡರೆ ತೂಕಕ್ಕೆ ಹಾಕುವ ಮುಂಚೆ ಡೀಸೆಲ್ ಹಚ್ಚಿ, ಸೀಮೆಸುಣ್ಣ ಸವರಿ, ಮುದ್ರೆ ಒಮ್ಮೆ ಓದಿ.